ಆನರ್ಸ್ ಡಿಗ್ರಿ ಅಂದರೇನು?

ಮೂರು ವರ್ಷ ಓದಿದರೆ ಸಾದಾ ಡಿಗ್ರಿ. ನಾಲ್ಕನೇ ವರ್ಷವೂ ಮುಖ್ಯ ವಿಷಯವನ್ನು ಆಳವಾಗಿ ಓದಿ ಪಾಸಾದರೆ ಆನರ್ಸ್ ಡಿಗ್ರಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಹಿಂದೆಯೇ ಬಿ.ಎ. ಆನರ್ಸ್ ಇತ್ತು. ಆದರೆ ಈ ನಾಲ್ಕು ವರ್ಷದ ಪದ್ಧತಿ ನಮ್ಮ ರಾಜ್ಯಕ್ಕೆ ಬಂದದ್ದು 2021-22ರಲ್ಲಿ. 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಯನ್ನೇ ತಂದಿತು. ನಡುವೆ ಸೇರಿದವರಿಗೆ ಮಾತ್ರ ಇಷ್ಟವಿದ್ದರೆ ನಾಲ್ಕನೇ ವರ್ಷ ಓದಲು ಬಿಟ್ಟರು.

ನಮ್ಮಕ್ಕ 2021ರಲ್ಲಿ ಹುಣಸೂರಿನಲ್ಲಿ ಬಿ.ಎ. ಸೇರಿದವಳು. ಮೂರು ವರ್ಷ ಮುಗಿದಾಗ ಅಪ್ಪ, "ಸಾಕು ಕಣವ್ವ, ಕೆಲಸ ನೋಡು" ಅಂದರು. ಅಕ್ಕ, "ಇನ್ನೊಂದು ವರ್ಷ ಓದ್ತೀನಿ ಕಣಪ್ಪ, ಆಮೇಲೆ ಎಂ.ಎ. ಒಂದೇ ವರ್ಷಕ್ಕೆ ಮುಗಿಸಬೌದು" ಅಂದಳು. ಯು.ಜಿ.ಸಿ. 2024ರಲ್ಲಿ ಇದಕ್ಕೆ ಅವಕಾಶ ಕೊಟ್ಟಿದೆ. ಹೊಗೆಸೊಪ್ಪಿನ ದುಡ್ಡಲ್ಲಿ ಅಪ್ಪ ಫೀಸು ಕಟ್ಟಿದರು. ಅಕ್ಕ ಆನರ್ಸ್ ಮುಗಿಸಿದಳು.

ನಾವೂ ಡಿಗ್ರಿ ಸೇರುವಾಗ ಎಷ್ಟು ವರ್ಷ, ಮುಂದೆ ಯಾವ ದಾರಿ ಎಂದು ಮೊದಲೇ ಮೇಷ್ಟ್ರನ್ನು ಕೇಳಿ ತಿಳಿದುಕೊಳ್ಳೋಣ.