ಅತಿಥಿಗೆ ಎರಡನೆಯ ದಿನ ಏನು ತೋರಿಸೋಣ?
ಕೃಷ್ಣಾ ತೀರದ ಐದು ತಾಲ್ಲೂಕುಗಳಿಂದ ಬೆಳೆಗಾರರಿಗೊಂದು ಪಾಠ

ಸದಸ್ಯ ಬಾಂಧವರಲ್ಲಿ ಹಲವರು ಈಗ ತೋಟದ ಮನೆಯ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಡುತ್ತಿದ್ದಾರೆ. ಬೆಳೆಯ ಬೆಲೆ ಕುಸಿದ ವರ್ಷ ಮನೆಖರ್ಚಿಗೆ ಇದೊಂದು ಆಸರೆ. ಆದರೆ ಬಂದವರು ಒಂದು ರಾತ್ರಿ ತಂಗಿ ಬೆಳಗ್ಗೆ ಹೊರಟುಬಿಟ್ಟರೆ ನಮಗೆ ಉಳಿಯುವುದು ಹಾಸಿಗೆ ಒಗೆಯುವ ಕೆಲಸ ಮಾತ್ರ. ಎರಡು ಮೂರು ರಾತ್ರಿ ನಿಂತರಷ್ಟೇ ಕೈಗೆ ನಾಲ್ಕು ಕಾಸು. ಅವರು ನಿಲ್ಲಬೇಕಾದರೆ "ನಾಳೆ ಎಲ್ಲಿಗೆ ಹೋಗೋಣ?" ಎಂಬ ಪ್ರಶ್ನೆಗೆ ಮನೆಯವರ ಬಳಿ ಉತ್ತರ ಸಿದ್ಧವಿರಬೇಕು.

"ನಮ್ಮೂರಿನಲ್ಲಿ ಜಲಪಾತವಿಲ್ಲ, ಗಿರಿಶಿಖರವಿಲ್ಲ, ಏನು ತೋರಿಸುವುದು?" ಎಂದು ಕೇಳುವವರಿದ್ದಾರೆ. ಅಂಥವರು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳತ್ತ ಒಮ್ಮೆ ನೋಡಬೇಕು. ಪ್ರವಾಸಿಗರ ದಂಡು ಹೋಗುವ ನಾಡು ಅದಲ್ಲ. ಕಬ್ಬು, ತಂಬಾಕು, ಅರಿಸಿನ, ದ್ರಾಕ್ಷಿ ಬೆಳೆಯುವ ರೈತರ ನಾಡು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಎರಡೂ ಸಲೀಸು. ಅಲ್ಲಿನ ಒಬ್ಬ ರೈತ ಅತಿಥಿಯನ್ನು ಇಟ್ಟುಕೊಂಡರೆ ನಾಲ್ಕು ದಿನ ಏನು ತೋರಿಸಬಹುದೆಂದು ಲೆಕ್ಕ ಹಾಕಿ ನೋಡೋಣ.

ಮೊದಲ ದಿನ: ಹೊಲ ಮತ್ತು ಗಾಣ

ಮೊದಲ ದಿನ ಎಲ್ಲಿಗೂ ಹೋಗಬೇಕಾಗಿಲ್ಲ. ಚಳಿಗಾಲದಲ್ಲಿ ಕಬ್ಬು ಕಡಿಯುವ ಗದ್ದಲವೇ ಒಂದು ನೋಟ. ನಮ್ಮ ಕಡೆ ಆಲೆಮನೆ ಎನ್ನುವುದಕ್ಕೆ ಅಲ್ಲಿ ಗಾಣ ಎನ್ನುತ್ತಾರೆ. ಕೊಪ್ಪರಿಗೆಯಲ್ಲಿ ಹಾಲು ಕುದಿದು, ನೊರೆ ತೆಗೆದು, ಪಾಕ ಹದಕ್ಕೆ ಬಂದು ಅಚ್ಚಿಗೆ ಇಳಿಯುವ ತನಕ ನಿಂತು ನೋಡಿದ ಪಟ್ಟಣದ ಮಗು ಅದನ್ನು ಮರೆಯದು. ಮಧ್ಯಾಹ್ನ ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಇದರಲ್ಲಿ ಯಾವುದನ್ನೂ ಅಂಗಡಿಯಿಂದ ತರಬೇಕಾಗಿಲ್ಲ.

ಎರಡನೆಯ ದಿನ: ನದಿಯ ಗುಂಟ

ಚಿಕ್ಕೋಡಿ ತಾಲ್ಲೂಕಿನ ಯಡೂರಿನಲ್ಲಿ ಕೃಷ್ಣಾ ದಂಡೆಯ ಮೇಲೆ ವೀರಭದ್ರೇಶ್ವರನ ಗುಡಿಯಿದೆ. ಪಕ್ಕದ ಕಲ್ಲೋಳದ ಬಳಿ ದೂಧಗಂಗಾ ನದಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಮೇಲಕ್ಕೆ, ಕಾಗವಾಡ ತಾಲ್ಲೂಕಿನ ಜುಗೂಳದ ಎದುರು ದಂಡೆಯಲ್ಲಿ, ಮಹಾರಾಷ್ಟ್ರದ ಖಿದ್ರಾಪುರವಿದೆ. ಅಲ್ಲಿನ ಕೋಪೇಶ್ವರ ದೇವಾಲಯ ಶಿಲಾಹಾರರ ಕಾಲದ್ದು. ಅದರ ಮುಂದಿನ ದುಂಡು ಮಂಟಪದ ಚಾವಣಿ ನಡುವೆ ಆಕಾಶಕ್ಕೆ ತೆರೆದಿದೆ. ಇದನ್ನು ಸ್ವರ್ಗಮಂಟಪ ಎನ್ನುತ್ತಾರೆ. ಈ ಶಿವಾಲಯದಲ್ಲಿ ನಂದಿಯಿಲ್ಲ. ಇಲ್ಲಿನ ನಂದಿ ಯಡೂರಿನಲ್ಲಿದೆ ಎಂಬುದು ಜನರ ನಂಬಿಕೆ. ಶಿವ ಒಂದು ರಾಜ್ಯದಲ್ಲಿ, ನಂದಿ ಇನ್ನೊಂದು ರಾಜ್ಯದಲ್ಲಿ! ಈ ಒಂದು ಮಾತು ಹೇಳಿದರೆ ಸಾಕು, ಅತಿಥಿ ಎರಡೂ ಊರು ನೋಡದೆ ಹೋಗುವುದಿಲ್ಲ. ಎರಡು ಸ್ಥಳಗಳನ್ನು ಒಂದು ಕಥೆಯಿಂದ ಕಟ್ಟುವುದು ಹೇಗೆಂಬುದಕ್ಕೆ ಇದು ಉದಾಹರಣೆ.

ಮೂರನೆಯ ದಿನ: ಅಥಣಿಯ ಚಪ್ಪಲಿ

ಕೊಲ್ಹಾಪುರಿ ಚಪ್ಪಲಿ ಎಂದು ಲೋಕವೆಲ್ಲ ಕರೆಯುವ ಪಾದರಕ್ಷೆಯನ್ನು ಅಥಣಿ, ನಿಪ್ಪಾಣಿ ಮತ್ತು ಸುತ್ತಲ ಹಳ್ಳಿಗಳ ಸಮಗಾರ ಕುಟುಂಬಗಳು ತಲೆಮಾರುಗಳಿಂದ ಹೊಲಿಯುತ್ತ ಬಂದಿವೆ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ತೊಗಲು, ಕೈಯಲ್ಲೇ ಹೆಣೆದ ಜಡೆ, ತೊಗಲಿನ ದಾರದ ಹೊಲಿಗೆ. ಹೆಣಿಗೆಯ ನಾಜೂಕು ಕೆಲಸ ಬಹುಪಾಲು ಹೆಂಗಸರದು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಅದರಲ್ಲಿ ಹಕ್ಕುಂಟು. ಅದೇ ವರ್ಷ ಕೊಡಗಿನ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೂ ಶಿರಸಿ ಅಡಿಕೆಗೂ ಇದೇ ಗುರುತು ದೊರೆತದ್ದು ನಮಗೆ ನೆನಪಿರಲಿ.

2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಇಂಥದೇ ಚಪ್ಪಲಿಯನ್ನು ತನ್ನ ಪ್ರದರ್ಶನದಲ್ಲಿ ಊರಿನ ಹೆಸರು ಹೇಳದೆ ತೋರಿಸಿದಾಗ ಕುಶಲಕರ್ಮಿಗಳಿಂದ ಆಕ್ಷೇಪಣೆ ಬಂದು, ಭಾರತದ ಕಸುಬಿನಿಂದ ಸ್ಫೂರ್ತಿ ಪಡೆದದ್ದೆಂದು ಕಂಪನಿ ಒಪ್ಪಿಕೊಂಡಿತು. ಸರಕು ಎಲ್ಲಿಯದೆಂದು ನಾವೇ ಹೇಳದಿದ್ದರೆ ಬೇರೆಯವರು ಹೇಳುವುದಿಲ್ಲ. ಅತಿಥಿ ಕಸುಬುದಾರನ ಮನೆಯಲ್ಲೇ ಕುಳಿತು, ಅವನ ಬೆಲೆಗೇ ಒಂದು ಜೊತೆ ಕೊಂಡರೆ ಊರಿನ ಹಣ ಊರಲ್ಲಿ ಉಳಿಯುತ್ತದೆ. ಸಂಜೆ ಮುರುಘೇಂದ್ರ ಶಿವಯೋಗಿಗಳ ಗಚ್ಚಿನಮಠಕ್ಕೆ ಹೋಗಿ ಬಂದರೆ ದಿನ ತುಂಬಿತು.

ನಾಲ್ಕನೆಯ ದಿನ: ನಿಪ್ಪಾಣಿ

ನಿಪ್ಪಾಣಿ ಬೀಡಿ ತಂಬಾಕಿನ ಪೇಟೆ. ನಿಪ್ಪಾಣಕರ ದೇಸಾಯಿ ಮನೆತನದ ವಾಡೆ, ಹೆದ್ದಾರಿಯ ತವಂದಿ ಘಟ್ಟದಲ್ಲಿರುವ ಸ್ತವನಿಧಿ ಜೈನ ಕ್ಷೇತ್ರ ಇವು ನೋಡತಕ್ಕವು. 1925ರಲ್ಲಿ ಡಾ. ಅಂಬೇಡ್ಕರರು ಇಲ್ಲಿ ದಲಿತ ವರ್ಗಗಳ ಸಮ್ಮೇಳನ ನಡೆಸಿದ್ದರು.

ಬೆಳೆಗಾರರಾದ ನಾವು ನಿಲ್ಲಬೇಕಾದ್ದು ಮಾತ್ರ ಹೆದ್ದಾರಿಯ ಮೇಲೆ. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು ಶರದ್ ಜೋಶಿಯವರ ಮುಂದಾಳ್ತನದಲ್ಲಿ ಸಾವಿರಾರು ರೈತರು ಪುಣೆ–ಬೆಂಗಳೂರು ರಸ್ತೆ ತಡೆದು ಕುಳಿತರು. ಆ ಏಪ್ರಿಲ್‌ನಲ್ಲಿ ನಡೆದ ಗೋಲಿಬಾರಿನಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಅಡಿಕೆ ಬೆಲೆ ಬಿದ್ದಾಗ ನಮ್ಮವರು 1973ರಲ್ಲಿ ಕ್ಯಾಂಪ್ಕೊ ಕಟ್ಟಿಕೊಂಡರು. ಅದೇ ಸುತ್ತಿನ ಕಬ್ಬಿನ ರೈತರಿಗೆ ಸಹಕಾರಿ ಸಕ್ಕರೆ ಕಾರ್ಖಾನೆಗಳಿದ್ದವು. ತಂಬಾಕಿನವನು ಮಾತ್ರ ವ್ಯಾಪಾರಿಯ ಮುಂದೆ ಒಬ್ಬಂಟಿ. ಇಂಥ ಕಥೆಯನ್ನು ಅತಿಥಿಗೆ ಹೇಳಲು ಸಂಕೋಚ ಬೇಡ. ಊರಿನ ಸಂಕಟವೂ ಊರಿನ ಚರಿತ್ರೆಯೇ.

ಕಾಲ ನೋಡಿ ಕಳಿಸಬೇಕು

ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಘ ಮಾಸದಲ್ಲಿ ಮಾಯಕ್ಕದೇವಿಯ ಜಾತ್ರೆ. ಎರಡೂ ರಾಜ್ಯಗಳ ಭಕ್ತರು ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಾರೆ, ಭಂಡಾರದ ಹಳದಿಯಲ್ಲಿ ಊರೇ ಮುಳುಗುತ್ತದೆ. ಜನಜಂಗುಳಿ ಒಗ್ಗದವರನ್ನು ಆ ವಾರ ಕಳಿಸಬಾರದು. ಮಿರಜ–ಬೆಳಗಾವಿ ರೈಲುಮಾರ್ಗದಲ್ಲಿ ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳಿರುವುದರಿಂದ ಕಾರಿಲ್ಲದವರೂ ತಿರುಗಾಡಬಹುದು.

ಮಳೆಗಾಲದ ಮಾತೇ ಬೇರೆ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಸುರಿದು ಕೊಯ್ನಾ ಮುಂತಾದ ಜಲಾಶಯಗಳಿಂದ ನೀರು ಬಿಟ್ಟರೆ, ಇಲ್ಲಿ ಬಿಸಿಲಿದ್ದರೂ ನದಿ ಏರುತ್ತದೆ. ಕಲ್ಲೋಳ–ಯಡೂರ ನಡುವಿನ ತಗ್ಗು ಸೇತುವೆ ಬೇಗನೆ ಮುಳುಗುವಂಥದು. 2005, 2019, 2021ರಲ್ಲಿ ಹಳ್ಳಿಗೆ ಹಳ್ಳಿಯೇ ನೀರು ಪಾಲಾದವು. ಜುಲೈ, ಆಗಸ್ಟ್‌ನಲ್ಲಿ ಅತಿಥಿಯನ್ನು ನದಿಗೆ ಕಳಿಸುವುದು ಸಲ್ಲದು. ನಮ್ಮ ಹಳ್ಳ ತೊರೆಗಳಿಗೂ ಇದೇ ನಿಯಮ.

ನಾವು ಮಾಡಬೇಕಾದ್ದು

1. ಒಂದು ಹಾಳೆಯಲ್ಲಿ ಮೂರು ದಿನದ ತಿರುಗಾಟ ಬರೆದಿಡಿ. ಹೊರಡುವ ಹೊತ್ತು, ಬಸ್ಸು, ಊಟದ ಜಾಗ, ಹಿಂತಿರುಗುವ ಹೊತ್ತು ಅದರಲ್ಲಿರಲಿ.

2. ಮೊದಲ ದಿನ ನಿಮ್ಮ ತೋಟಕ್ಕೇ ಮೀಸಲು. ಹಣ್ಣು ಕೊಯ್ಲು, ಪಲ್ಪಿಂಗ್, ಕಣ, ಅಡಿಕೆ ಸುಲಿತ ಇವೆಲ್ಲ ನಮಗೆ ದಿನದ ಕೆಲಸ, ಅವರಿಗೆ ಹೊಸದು.

3. ದಿನಕ್ಕೊಂದು ಗುಡಿ, ಒಂದು ಕಸುಬು ಸಾಕು. ಐದಾರು ಸ್ಥಳ ತುರುಕಿದರೆ ಒಂದೂ ನೆನಪಿನಲ್ಲಿ ಉಳಿಯದು.

4. ಕುಂಬಾರ, ಬುಟ್ಟಿ ಹೆಣೆಯುವವ, ಜೇನು ಸಾಕುವವ ಇವರ ಮನೆಗೆ ಕರೆದೊಯ್ಯುವ ಮುನ್ನ ಅವರ ಒಪ್ಪಿಗೆ ಕೇಳಿ. ಅವರ ಸರಕಿನ ಮೇಲೆ ನೀವು ದಲ್ಲಾಳಿ ತೆಗೆದುಕೊಳ್ಳಬೇಡಿ.

5. ಹಳ್ಳ, ಬಂಡೆ, ಆನೆ ಓಡಾಡುವ ದಾರಿ ಇವುಗಳ ಅಪಾಯವನ್ನು ಮೊದಲೇ ಬಾಯಿಬಿಟ್ಟು ಹೇಳಿ.

ಚಿಕ್ಕೋಡಿ ಸೀಮೆಯಲ್ಲಿ ಜಲಪಾತವಿಲ್ಲದೆಯೂ ನಾಲ್ಕು ದಿನ ತುಂಬಿದವು. ನಮ್ಮ ಒಂದೊಂದು ಊರಿನಲ್ಲೂ ಅಷ್ಟು ಸಾಮಗ್ರಿ ಇದ್ದೇ ಇದೆ. ಈ ಬಿಡುವಿನ ತಿಂಗಳಲ್ಲಿ ಮನೆಮಂದಿ ಕೂಡಿ ಕುಳಿತು ಆ ಹಾಳೆಯನ್ನು ಬರೆಯಲು ತೊಡಗುವುದು ಒಳ್ಳೆಯದು.