ಕಾರಿಗೆ ಕಾವಲು, ಮನಸ್ಸಿಗೆ ಕಳವಳ

ಬಸದಿಯ ಮುಂದೆ ನಿಲ್ಲಿಸಿ ಪೂಜೆ ಮಾಡಿಸಿದ ಹೊಸ ಕಾರಿಗೆ ಈಗ ಇನ್ನೊಂದು ರಕ್ಷೆಯೂ ಬೇಕೆನಿಸುತ್ತದೆ. ಡ್ಯಾಶ್‌ಬೋರ್ಡಿನ ಒಳಗೆ ಅಡಗಿಸಿ ಕೂರಿಸುವ ಪುಟ್ಟ ಟ್ರ್ಯಾಕರ್ ಅದು. ಉಪಗ್ರಹಗಳ ಸಂಕೇತದಿಂದ ತಾನಿರುವ ಸ್ಥಳವನ್ನು ಲೆಕ್ಕಹಾಕಿ, ಸಿಮ್ ಕಾರ್ಡಿನ ಮೂಲಕ ಒಡೆಯನ ಮೊಬೈಲಿಗೆ ತಿಳಿಸುತ್ತದೆ. ವಾಹನ ಅಲುಗಿದರೆ, ಬ್ಯಾಟರಿಯ ತಂತಿ ಕಳಚಿದರೆ, ನಕ್ಷೆಯ ಮೇಲೆ ಎಳೆದ ಗಡಿಯನ್ನು ದಾಟಿದರೆ ಕೂಗಿ ಎಚ್ಚರಿಸುತ್ತದೆ. ಕಳುವಾದ ಕಾರನ್ನು ಹುಡುಕಲು ಇದು ನೆರವಾಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕಳ್ಳನಿಲ್ಲದ ರಾತ್ರಿಗಳಲ್ಲಿಯೂ ಅದು ಕೂಗುತ್ತದೆ.

ಬಾನೆಟ್ಟಿನ ಬೆಚ್ಚಗಿನ ಮೇಲ್ಮೈಗೆ ಬೆಕ್ಕು ಹಾರಿದರೆ ಸಾಕು. ಗುಡುಗು, ಪಕ್ಕದಲ್ಲಿ ಹಾದುಹೋಗುವ ಭಾರದ ಲಾರಿ, ಸೊರಗಿದ ಬ್ಯಾಟರಿ ಎಲ್ಲವೂ ಅದಕ್ಕೆ ಕಳ್ಳನೇ. ನೆಲಮಾಳಿಗೆಯಲ್ಲಿ ಉಪಗ್ರಹದ ಸಂಕೇತ ಸರಿಯಾಗಿ ತಲುಪದಿದ್ದಾಗ ನಿಂತ ಕಾರು ನಕ್ಷೆಯಲ್ಲಿ ಪಕ್ಕದ ಬೀದಿಗೆ ಜಿಗಿದಂತೆ ಕಾಣುವುದೂ ಉಂಟು. ದೀಪಾವಳಿಯ ಪಟಾಕಿಗಂತೂ ಒಂದು ಸಾಲಿನ ಕಾರುಗಳೆಲ್ಲ ಒಟ್ಟಿಗೆ ಅರಚುತ್ತವೆ. ಭಗವಾನ್ ಮಹಾವೀರರು ನಿರ್ವಾಣ ಹೊಂದಿದ ಪರ್ವದ ಬೆಳಗಿನ ಜಾವ ನಗರದಲ್ಲಿ ಹೀಗೆ ಕಳೆಯುತ್ತಿರುವುದು ವಿಷಾದದ ಸಂಗತಿ.

ರಾತ್ರಿ ಎರಡು ಗಂಟೆಗೆ ಮೊಬೈಲ್ ಕೂಗಿದಾಗ ಶ್ರಾವಕನೊಬ್ಬನ ಮನಸ್ಸಿನಲ್ಲಿ ನಡೆಯುವುದೇನು? ಮೊದಲು ಇಷ್ಟವಾದುದು ಅಗಲಿಹೋಯಿತೇ ಎಂಬ ತಳಮಳ. ಇದು ಆರ್ತಧ್ಯಾನ. ಮೆಟ್ಟಿಲಿಳಿದು ಕಾರು ಇದ್ದಲ್ಲಿಯೇ ಇದೆಯೆಂದು ಕಂಡರೂ ತಳಮಳ ಅಡಗುವುದಿಲ್ಲ. ಅದು ರೂಪ ಬದಲಿಸುತ್ತದೆ. ‘ಯಾರೋ ಮುಟ್ಟಿರಲೇಬೇಕು, ಸಿಕ್ಕರೆ ಬಿಡುವುದಿಲ್ಲ’ ಎಂಬ ಕಾವು ಏರುತ್ತದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ರೌದ್ರಧ್ಯಾನಕ್ಕೆ 4 ಮೂಲಗಳನ್ನು ಹೇಳಿದ್ದಾರೆ: ಹಿಂಸೆ, ಅಸತ್ಯ, ಕಳವು ಮತ್ತು ವಿಷಯಸಂರಕ್ಷಣೆ. ಈ ಪಟ್ಟಿಯ ಕೊನೆಯ ಎರಡು ಹೆಸರುಗಳು ಓದುಗರನ್ನು ತಡೆದು ನಿಲ್ಲಿಸಬೇಕು. ಕದಿಯುವ ಚಿಂತನೆಯಲ್ಲಿ ಮುಳುಗಿದವನನ್ನೂ ತನ್ನ ವಸ್ತುವನ್ನು ಕಾಯುವ ಚಿಂತನೆಯಲ್ಲಿ ಮುಳುಗಿದವನನ್ನೂ ಆಚಾರ್ಯರು ಒಂದೇ ಧ್ಯಾನದ ಅಡಿಯಲ್ಲಿ ಇರಿಸಿದ್ದಾರೆ. ಅಣುವ್ರತ ಹೊತ್ತ ದೇಶವಿರತನಿಗೂ ಈ ಅಪಾಯವಿದೆಯೆಂದು ಅದೇ ಸೂತ್ರ ಸೂಚಿಸುತ್ತದೆ.

ಹಾಗೆಂದು ಗೃಹಸ್ಥನು ಕಾರಿಗೆ ಬೀಗ ಹಾಕಬಾರದೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಮಿತಿಯೊಳಗಿನ ಆಸ್ತಿಯನ್ನು ಕಾಪಾಡಿಕೊಳ್ಳುವುದು ಅವನ ಧರ್ಮಕ್ಕೆ ಹೊರತಲ್ಲ. ತೊಡಕಿರುವುದು ಆ ರೌದ್ರದ ಕಾವು ಎಲ್ಲಿ ಹೋಗಿ ಸುಡುತ್ತದೆ ಎಂಬಲ್ಲಿ. ಬಹುಮಹಡಿ ವಸತಿಗಳಲ್ಲಿ ಅದು ಹೋಗಿ ತಾಗುವುದು ಕಾವಲುಗಾರನಿಗೆ, ಇಲ್ಲವೇ ಬೆಳಗ್ಗೆ ಬಕೆಟ್ ಹಿಡಿದು ಕಾರು ತೊಳೆಯಲು ಬರುವ ಹುಡುಗನಿಗೆ. ಮೂರು ಬಾರಿ ಸುಳ್ಳು ಎಚ್ಚರಿಕೆ ಬಂದ ಕಾರಿನ ಬಳಿ ನಾಲ್ಕನೆಯ ಬಾರಿ ಆ ಹುಡುಗ ನಿಂತಿದ್ದರೆ ಆತನ ಜೇಬು ತಡಕಲಾಗುತ್ತದೆ. ಮರುವಾರದಿಂದ ಆತನಿಗೆ ಕೆಲಸವಿರುವುದಿಲ್ಲ. ಯಂತ್ರ ತಪ್ಪಿದರೆ ಸರಿಪಡಿಸಬಹುದು, ಬಡವನೊಬ್ಬನ ಹೆಸರಿಗೆ ಅಂಟಿದ ಕಳ್ಳನೆಂಬ ಮಾತನ್ನು ತೊಳೆಯುವುದು ಸುಲಭವಲ್ಲ. ಕ್ಷಮಾವಣಿಯ ದಿನ ಬಂಧುಗಳಿಗೆಲ್ಲ ಸಂದೇಶ ಕಳುಹಿಸುವವರು ಹೀಗೆ ಸಂಶಯಿಸಿದ ವ್ಯಕ್ತಿಯ ಬಳಿಗೆ ನಡೆದುಹೋಗಿ ಕ್ಷಮೆ ಕೇಳುವುದು ಅಪರೂಪ. ಅಲ್ಲಿಯೇ ಅದರ ಅಗತ್ಯ ಹೆಚ್ಚು.

ಮೂಲಾಚಾರದಲ್ಲಿ ಹೇಳಿರುವ 10 ಬಗೆಯ ಬಾಹ್ಯ ಪರಿಗ್ರಹಗಳಲ್ಲಿ ಹೊಲ, ಮನೆ, ಧನ, ಧಾನ್ಯಗಳ ಜೊತೆಗೆ ಯಾನವೂ ಸೇರಿದೆ. ಆದರೆ ಉಮಾಸ್ವಾಮಿಗಳ ದೃಷ್ಟಿಯಲ್ಲಿ ಪರಿಗ್ರಹವೆಂದರೆ ಮೂರ್ಛೆ, ಅಂದರೆ ವಸ್ತುವಿನಲ್ಲಿ ಮೈಮರೆತ ಮಮತೆ. ಊಟದ ನಡುವೆ, ಪ್ರವಚನದ ನಡುವೆ, ಜಿನಬಿಂಬದ ಎದುರು ಕೂಡ ಮೊಬೈಲ್ ತೆರೆದು ನಕ್ಷೆಯ ಮೇಲಿನ ಚುಕ್ಕೆಯನ್ನು ನೋಡುವ ಕೈಯಲ್ಲಿ ಆ ಮೂರ್ಛೆ ಎದ್ದು ಕಾಣುತ್ತದೆ. ಕಾರಿಗೆ ಗಡಿ ಎಳೆಯುವವನಿಗೆ ತನಗೂ ಗಡಿ ಎಳೆದುಕೊಳ್ಳುವ ವ್ರತವೊಂದಿದೆ ಎಂಬುದು ನೆನಪಿರುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಗ್ವ್ರತಕ್ಕೆ ಸಮುದ್ರ, ನದಿ, ಅಡವಿ, ಬೆಟ್ಟ, ನಾಡುಗಳನ್ನು ಎಲ್ಲೆಯಾಗಿ ಇಟ್ಟುಕೊಳ್ಳಲು ಹೇಳುತ್ತಾರೆ. ಆ ಎಲ್ಲೆಯನ್ನು ಮೀರಿದರೆ ಕೂಗಿ ಹೇಳುವ ಯಂತ್ರವಿಲ್ಲ. ಅಲ್ಲಿ ಎಚ್ಚರವಾಗಿರಬೇಕಾದವನು ವ್ರತಿಯೇ.

ಇನ್ನೊಂದು ಮಾತು. ಕದ್ದ ಕಾರುಗಳು ಬಿಡಿಭಾಗಗಳಾಗಿ ಒಡೆದು ಮಾರಾಟವಾಗುವುದುಂಟು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ತದಾಹೃತಾದಾನ’ ಒಂದು: ಕಳ್ಳ ತಂದದ್ದನ್ನು ಕೊಳ್ಳುವುದು. ರಸೀದಿಯಿಲ್ಲದೆ ಅರ್ಧ ಬೆಲೆಗೆ ಸಿಗುವ ಕನ್ನಡಿ, ಚಕ್ರಗಳನ್ನು ಪ್ರಶ್ನಿಸದೆ ಕೊಳ್ಳುವವನು ಕಳ್ಳತನದ ಬಗ್ಗೆ ದೂರುವ ಅಧಿಕಾರವನ್ನು ಅರ್ಧ ಕಳೆದುಕೊಂಡಿರುತ್ತಾನೆ.

ಸುಳ್ಳು ಕೂಗನ್ನು ಕಡಿಮೆ ಮಾಡುವುದು ಅಹಿಂಸೆಯ ಕೆಲಸವೇ. ನೆರೆಮನೆಯ ರೋಗಿಯ ನಿದ್ರೆ ಅದರಿಂದ ಉಳಿಯುತ್ತದೆ. ಸಂವೇದಕದ ಸೂಕ್ಷ್ಮತೆಯನ್ನು ತಗ್ಗಿಸುವುದು, ಹಳೆಯ ಬ್ಯಾಟರಿ ಬದಲಿಸುವುದು, ಗಡಿಯನ್ನು ತುಸು ಅಗಲವಾಗಿ ಎಳೆಯುವುದು ತಂತ್ರಜ್ಞನಿಗೆ ಸ್ವಲ್ಪ ಹೊತ್ತಿನ ಕೆಲಸ. ಸಾಮಾಯಿಕಕ್ಕೆ ಕೂರುವಾಗ ಮೊಬೈಲನ್ನು ಮನೆಯ ಇನ್ನೊಬ್ಬರ ಕೈಗೆ ಕೊಟ್ಟು ಕೂರಬಹುದು. ಒಂದು ಮುಹೂರ್ತವೆಂದರೆ 48 ನಿಮಿಷ. ಅಷ್ಟು ಹೊತ್ತು ಕಾರು ನೆಲಮಾಳಿಗೆಯಲ್ಲಿ ಒಂಟಿಯಾಗಿ ನಿಂತಿರಲಿ.