ಸ್ವೀಡನ್: ವಾಕಿಂಗ್ ಗುಂಪಿನ ‘ಅಂತೆ’ಗಳು ಮತ್ತು ಅಸಲಿ ವಿಷಯ

ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆ ಈಗ ಬೀದಿಗೊಂದು ಮನೆಯಿಂದಾದರೂ ಮಗನೋ ಮಗಳೋ ಸೊಸೆಯೋ ಹೊರದೇಶದಲ್ಲಿರುತ್ತಾರೆ. ಅಮೆರಿಕ ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ, ಜರ್ಮನಿ ಎಂದರೂ ಅಷ್ಟೇ. ‘ಸ್ವೀಡನ್’ ಎಂದರೆ ಮಾತ್ರ ಬೆಳಗಿನ ವಾಕಿಂಗ್ ಗುಂಪು ನಿಂತುಬಿಡುತ್ತದೆ. ಅಲ್ಲಿ ಆರು ತಿಂಗಳು ರಾತ್ರಿಯಂತೆ, ಎಲ್ಲ ಪುಕ್ಕಟೆಯಂತೆ, ಮಗುವಿಗೆ ಒಂದೇಟು ಹಾಕಿದರೆ ಸರ್ಕಾರದವರು ಎತ್ತಿಕೊಂಡು ಹೋಗ್ತಾರಂತೆ, ಮೊಮ್ಮಗುವನ್ನು ನೋಡಿಕೊಂಡರೆ ಅಜ್ಜಿಗೇ ಸಂಬಳವಂತೆ. ಇವುಗಳಲ್ಲಿ ಕೆಲವು ಶುದ್ಧ ಸುಳ್ಳು, ಕೆಲವು ಪಕ್ಕದ ದೇಶದ ಕಥೆ, ಉಳಿದವು ಅರ್ಧ ಕೇಳಿಸಿಕೊಂಡ ನಿಜ.

ಮೊದಲು ಸುಲಭದ್ದು: ಸ್ವೀಡನ್, ಸ್ವಿಟ್ಜರ್ಲೆಂಡ್ ಎರಡೂ ಒಂದೇ ಎಂಬ ಗೊಂದಲ. ಹಿಮ ಮುಚ್ಚಿದ ಆಲ್ಪ್ಸ್, ಗುಟ್ಟಿನ ಬ್ಯಾಂಕು, ಚಾಕೊಲೇಟು, ಸಿನಿಮಾ ಹಾಡಿನ ಶೂಟಿಂಗು, ಇವೆಲ್ಲ ಸ್ವಿಟ್ಜರ್ಲೆಂಡಿನವು. ಸ್ವೀಡನ್ ಇರುವುದು ಬಾಲ್ಟಿಕ್ ಸಮುದ್ರದ ದಡದಲ್ಲಿ, ನಾರ್ವೆಗೂ ಫಿನ್‌ಲೆಂಡಿಗೂ ನಡುವೆ. ಸ್ವೀಡನ್ನಿಗೂ ಸ್ವಿಟ್ಜರ್ಲೆಂಡಿಗೂ ಮಧ್ಯೆ ಇಡೀ ಜರ್ಮನಿಯೇ ಬಿದ್ದುಕೊಂಡಿದೆ.

‘ಪುಟ್ಟ ದೇಶ, ಆರು ತಿಂಗಳು ಕತ್ತಲು’

ಪುಟ್ಟದು ಜನಸಂಖ್ಯೆ ಮಾತ್ರ. ಇಡೀ ಸ್ವೀಡನ್ನಿನಲ್ಲಿ ಒಂದು ಕೋಟಿಗೆ ಚೂರು ಮೇಲ್ಪಟ್ಟು ಜನ. ನಮ್ಮ ಬೆಂಗಳೂರು ಊರೊಂದರಲ್ಲೇ ಅದಕ್ಕಿಂತ ಹೆಚ್ಚು ಮಂದಿ ಇದ್ದೇವೆ. ವಿಸ್ತೀರ್ಣ ಸುಮಾರು 4.5 ಲಕ್ಷ ಚದರ ಕಿ.ಮೀ., ಎಂದರೆ ಎರಡು ಕರ್ನಾಟಕ ಇಟ್ಟರೂ ಇನ್ನೂ ಜಾಗ ಮಿಗುತ್ತದೆ. ಮೂರನೇ ಎರಡು ಪಾಲು ಕಾಡು. ಉತ್ತರ ತುದಿಯಿಂದ ದಕ್ಷಿಣ ತುದಿಗೆ ಸುಮಾರು 1,570 ಕಿ.ಮೀ., ಅಂದರೆ ವಿಮಾನದ ದಾರಿಯಲ್ಲಿ ಬೆಂಗಳೂರಿನಿಂದ ಜೈಪುರದಷ್ಟು ದೂರ. ಹಾಗಾಗಿ ‘ಸ್ವೀಡನ್ ಹವೆ’ ಎಂದು ಒಂದೇ ಉಸಿರಿನಲ್ಲಿ ಹೇಳುವುದೇ ತಪ್ಪು.

ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ ಇರುವುದು ಧ್ರುವದಲ್ಲಿ. ಸ್ವೀಡನ್ನಿನ ಉತ್ತರದ ಒಂದು ತುಂಡು ಮಾತ್ರ ಆರ್ಕ್‌ಟಿಕ್ ವೃತ್ತದ ಆಚೆಗಿದೆ. ಅಲ್ಲಿನ ಕಿರುನಾ ಪಟ್ಟಣದಲ್ಲಿ ಡಿಸೆಂಬರ್ ಎರಡನೇ ವಾರದಿಂದ ಮೂರು ವಾರದಷ್ಟು ಕಾಲ ಸೂರ್ಯ ಹುಟ್ಟುವುದಿಲ್ಲ. ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಮುಳುಗುವುದಿಲ್ಲ. ನಮ್ಮ ಮಕ್ಕಳು ಹೋಗಿ ನೆಲೆಸುವುದು ಹೆಚ್ಚಾಗಿ ದಕ್ಷಿಣದ ಸ್ಟಾಕ್‌ಹೋಮ್, ಗೋಥೆನ್‌ಬರ್ಗ್, ಮಾಲ್ಮೊ, ಲುಂಡ್ ಕಡೆ. ಸ್ಟಾಕ್‌ಹೋಮಿನಲ್ಲಿ ಡಿಸೆಂಬರ್ ಕೊನೆಗೆ ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಸೂರ್ಯೋದಯ, ಮಧ್ಯಾಹ್ನ ಮೂರರೊಳಗೆ ಸೂರ್ಯಾಸ್ತ. ಜೂನಿನಲ್ಲಿ ರಾತ್ರಿ ಹತ್ತಾದರೂ ಬೆಳಕು. ಅಲ್ಲಿರುವವರನ್ನು ಕೇಳಿ ನೋಡಿ, ಜನವರಿಯ ಹಿಮಕ್ಕಿಂತ ನವೆಂಬರಿನ ಕತ್ತಲೇ ಕಷ್ಟ ಎನ್ನುತ್ತಾರೆ. ಹಿಮ ಬಿದ್ದರೆ ನೆಲವಾದರೂ ಬೆಳ್ಳಗೆ ಹೊಳೆಯುತ್ತದೆ. ನವೆಂಬರಿನಲ್ಲಿ ಹಿಮವೂ ಇಲ್ಲ, ಬಿಸಿಲೂ ಇಲ್ಲ. ಕ್ರಿಸ್‌ಮಸ್‌ಗೆ ನಾಲ್ಕು ವಾರ ಮುಂಚಿನಿಂದಲೇ ಕಿಟಕಿ ಕಿಟಕಿಯಲ್ಲೂ ಏಳು ಬತ್ತಿಯ ತ್ರಿಕೋನದ ವಿದ್ಯುತ್ ದೀಪ ಇಡುವ ರೂಢಿ ಅಲ್ಲಿ ಸುಮ್ಮನೆ ಬೆಳೆದದ್ದಲ್ಲ.

ಕಿರುನಾದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಊರಿನ ಅಡಿಯಲ್ಲೇ ಕಬ್ಬಿಣದ ಅದಿರು. ಅಗೆದು ಅಗೆದು ನೆಲ ಕುಸಿಯಲು ಶುರುವಾಗಿ, ಈಗ ಪಟ್ಟಣವನ್ನೇ ಪಕ್ಕಕ್ಕೆ ಸಾಗಿಸುತ್ತಿದ್ದಾರೆ. 1912ರಲ್ಲಿ ಕಟ್ಟಿದ, 672 ಟನ್ ತೂಕದ ಮರದ ಚರ್ಚನ್ನು 2025ರ ಆಗಸ್ಟಿನಲ್ಲಿ ಗಾಲಿಗಳ ಮೇಲೆ ಏರಿಸಿ, ಎರಡು ದಿನದಲ್ಲಿ 5 ಕಿ.ಮೀ. ಆಚೆಗೆ ಇಡಿಯಾಗಿ ಒಯ್ದು ನಿಲ್ಲಿಸಿದರು. ಸಾಹಸ ಹೌದು. ಆದರೆ ಆ ಸೀಮೆ ಸಾಮಿ ಎಂಬ ಮೂಲನಿವಾಸಿಗಳು ಹಿಮಸಾರಂಗ ಮೇಯಿಸುತ್ತ ಬಂದ ನೆಲ. ಗಣಿ ಹಬ್ಬಿದಷ್ಟೂ ಅವರ ಮೇವಿನ ದಾರಿ ತುಂಡಾಗುತ್ತದೆ. ಬಳ್ಳಾರಿ, ಸಂಡೂರು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ವೀಡನ್ನಿನವರೆಲ್ಲ ಒಂದೇ ಅಚ್ಚಿನ ಬಂಗಾರಗೂದಲಿನವರು ಎಂಬ ನಂಬಿಕೆಯೂ ಇಲ್ಲೇ ಮುರಿಯುತ್ತದೆ. ಸಾಮಿಗಳಿಗೆ 1993ರಿಂದ ತಮ್ಮದೇ ಚುನಾಯಿತ ಸಭೆ ಇದೆ. ಇನ್ನು ದೇಶದ ಜನರಲ್ಲಿ ಸುಮಾರು ಐವರಲ್ಲಿ ಒಬ್ಬರು ಹೊರದೇಶದಲ್ಲಿ ಹುಟ್ಟಿದವರು.

‘ಮೊದಲಿಂದಲೂ ಶ್ರೀಮಂತರು’

ನನಗೆ ಎಲ್ಲಕ್ಕಿಂತ ತಪ್ಪೆನಿಸುವ ನಂಬಿಕೆ ಇದೇ. 1867ರಲ್ಲಿ ವಸಂತ ಬರಲೇ ಇಲ್ಲ. ಉತ್ತರ ಸ್ವೀಡನ್ನಿನಲ್ಲಿ ಬೇಸಿಗೆಯ ಹೊತ್ತಿಗೂ ಹಿಮ ಕರಗದೆ ಬಿತ್ತನೆ ತಪ್ಪಿತು. ಮರುವರ್ಷ ದಕ್ಷಿಣದಲ್ಲಿ ಬರ. ಹಿಟ್ಟಿಗೆ ಮರದ ತೊಗಟೆ, ಕಲ್ಲುಹೂವಿನ ಜಾತಿಯದ್ದನ್ನು ಬೆರೆಸಿ ರೊಟ್ಟಿ ಮಾಡಿಕೊಳ್ಳಿ ಎಂದು ಅಧಿಕಾರಿಗಳೇ ಜನಕ್ಕೆ ಹೇಳಿದರು. ನಾವು ಬಿಸಿಬೇಳೆಬಾತಿನ ಪುಡಿಗೆ ಘಮಕ್ಕೆಂದು ಚಿಟಿಕೆ ಹಾಕುತ್ತೇವಲ್ಲ, ಆ ಕಲ್ಲುಹೂವಿನ ದೂರದ ನಂಟು ಅಲ್ಲಿ ಹೊಟ್ಟೆ ತುಂಬಿಸುವ ಸಾಮಾನಾಗಿತ್ತು. ಮೈಸೂರು ಸಂಸ್ಥಾನವನ್ನು ಧಾತು–ಈಶ್ವರ ಸಂವತ್ಸರಗಳ ಮಹಾಬರ (1876–78) ಹಿಂಡಿದ್ದಕ್ಕೂ ಅದಕ್ಕೂ ಹತ್ತು ವರ್ಷವೂ ಅಂತರವಿಲ್ಲ.

19ನೇ ಶತಮಾನದ ನಡುವಿನಿಂದ 1930ರವರೆಗೆ ಹತ್ತು ಲಕ್ಷಕ್ಕೂ ಮೀರಿ ಜನ ಊರು ಬಿಟ್ಟು ಹಡಗು ಹತ್ತಿದರು, ಬಹುಪಾಲು ಅಮೆರಿಕಕ್ಕೆ. ಆಗ ದೇಶದ ಒಟ್ಟು ಜನವೇ ಮೂವತ್ತೈದರಿಂದ ಅರವತ್ತು ಲಕ್ಷ. ಹೊಟ್ಟೆಪಾಡಿಗೆ ಜನ ಬಿಟ್ಟುಹೋದ ಆ ದೇಶಕ್ಕೇ ಇಂದು ನಮ್ಮವರು ಕೆಲಸ ಹುಡುಕಿ ಹೋಗುತ್ತಿದ್ದಾರೆ.

ಹಣ ಬಂದದ್ದು ಆಮೇಲೆ. ಅದಿರು, ಮರ, ಕಾಗದ, ನಂತರ ಯಂತ್ರಗಳು. 1842ರಲ್ಲೇ ಪ್ರತಿ ಪ್ಯಾರಿಷ್‌ನಲ್ಲೂ ಶಾಲೆ ಇರಲೇಬೇಕೆಂಬ ಕಾನೂನು ಬಂದಿದ್ದರಿಂದ ಓದು ಬಲ್ಲ ಕೆಲಸಗಾರರಿದ್ದರು. ಜತೆಗೆ ಎರಡು ಮಹಾಯುದ್ಧಗಳಲ್ಲೂ ಕಾರ್ಖಾನೆಗಳು ಸುಡಲಿಲ್ಲ. ಹಾಗೆಂದು ‘ಶಾಂತಿಪ್ರಿಯ ತಟಸ್ಥ ದೇಶ’ ಎಂದು ಹೂಮಾಲೆ ಹಾಕಬೇಕಿಲ್ಲ: ಎರಡನೇ ಯುದ್ಧದಲ್ಲಿ ಹಿಟ್ಲರನ ಜರ್ಮನಿಗೆ ಅದಿರು ಮಾರಿತು, ಅದರ ಸೈನಿಕರು ರೈಲಿನಲ್ಲಿ ಹಾದುಹೋಗಲು ಬಿಟ್ಟಿತು. ನಮಗೆ ಬೋಫೋರ್ಸ್ ಹೆಸರು ಮರೆತಿಲ್ಲ. 1986ರ ಆ ಫಿರಂಗಿ ವ್ಯವಹಾರದಲ್ಲಿ ಲಂಚದ ಸುದ್ದಿ ಒಡೆದದ್ದು 1987ರಲ್ಲಿ ಸ್ವೀಡನ್ನಿನ ರೇಡಿಯೋ. ಆ ಬೋಫೋರ್ಸ್ ಕಂಪನಿಯನ್ನು 1894ರಲ್ಲಿ ಕೊಂಡಿದ್ದವರು ಆಲ್ಫ್ರೆಡ್ ನೊಬೆಲ್! ಇನ್ನು ತಟಸ್ಥ ನೀತಿಯ ಕಥೆಯೂ ಮುಗಿಯಿತು. 2024ರ ಮಾರ್ಚ್ 7ರಂದು ಸ್ವೀಡನ್ ನ್ಯಾಟೋ ಸೇರಿತು.

ನೊಬೆಲ್ ಎಂದ ಮೇಲೆ ಇದೂ ಇರಲಿ: ಎಲ್ಲ ನೊಬೆಲ್‌ಗಳನ್ನೂ ಸ್ವೀಡನ್ ಕೊಡುವುದಿಲ್ಲ. ಮುಂದೆ ಬೆಂಗಳೂರಿನವರೇ ಆದ ಸಿ.ವಿ. ರಾಮನ್ 1930ರ ಭೌತಶಾಸ್ತ್ರದ ಬಹುಮಾನ ಪಡೆದದ್ದು ಸ್ಟಾಕ್‌ಹೋಮಿನಲ್ಲಿ. ಮದರ್ ತೆರೇಸಾ, ಕೈಲಾಶ್ ಸತ್ಯಾರ್ಥಿ ಶಾಂತಿ ಬಹುಮಾನ ಪಡೆದದ್ದು ನಾರ್ವೆಯ ಓಸ್ಲೋದಲ್ಲಿ. ಅಮರ್ತ್ಯ ಸೇನ್ ಅವರಿಗೆ ಬಂದ ಅರ್ಥಶಾಸ್ತ್ರದ ಬಹುಮಾನವಂತೂ ನೊಬೆಲ್ ಉಯಿಲಿನಲ್ಲೇ ಇರಲಿಲ್ಲ, ಅದನ್ನು 1968ರಲ್ಲಿ ಸ್ಥಾಪಿಸಿದ್ದು ಸ್ವೀಡನ್ನಿನ ಕೇಂದ್ರ ಬ್ಯಾಂಕು.

‘ವೋಲ್ವೋ, ನೋಕಿಯಾ, ಎಲ್ಲ ಅವರದೇ’

ನಮ್ಮೂರಿನಲ್ಲಿ ಎಸಿ ಬಸ್ಸು ಯಾವ ಕಂಪನಿಯದ್ದಾದರೂ ಅದು ವೋಲ್ವೋನೇ. ಅಸಲಿ ವೋಲ್ವೋ ಬಸ್ಸು, ಲಾರಿಗಳ ಕಂಪನಿ ಗೋಥೆನ್‌ಬರ್ಗಿನದು, ಹೊಸಕೋಟೆಯಲ್ಲಿ ಅದರ ಕಾರ್ಖಾನೆಯಿದೆ. ಆದರೆ ಅದೇ ಹೆಸರಿನ ಕಾರು ಬೇರೆ ಮನೆಗೆ ಹೋಗಿ ಬಹಳ ಕಾಲವಾಯಿತು: 1999ರಲ್ಲಿ ಅಮೆರಿಕದ ಫೋರ್ಡ್, 2010ರಿಂದ ಚೀನಾದ ಗೀಲಿ. ನೋಕಿಯಾ ಜಪಾನಿನದೂ ಅಲ್ಲ, ಸ್ವೀಡನ್ನಿನದೂ ಅಲ್ಲ, ಫಿನ್‌ಲೆಂಡಿನದು. ಬನಶಂಕರಿಯಲ್ಲಿ ಹಸಿರು ಮೆಟ್ರೋ ಹತ್ತಿದರೆ ಬದಲಿಸದೆ ನಾಗಸಂದ್ರದ ಐಕಿಯಾಗೆ ಹೋಗಬಹುದು. ಸ್ವೀಡನ್ನಿನಲ್ಲಿ 1943ರಲ್ಲಿ ಶುರುವಾದ ಅದರ ಯಜಮಾನ ಕಂಪನಿಗಳ ಕಚೇರಿ ಈಗ ನೆದರ್‌ಲೆಂಡ್ಸ್‌ನಲ್ಲಿದೆ. ಇತ್ತ ಅಪರಿಚಿತ ಕರೆ ಬಂದಾಗ ‘ಸ್ಪ್ಯಾಮ್’ ಎಂದು ಕೆಂಪಗೆ ತೋರಿಸುವ ಟ್ರೂಕಾಲರ್ ನಮ್ಮದೇ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹುಟ್ಟಿದ್ದು ಸ್ಟಾಕ್‌ಹೋಮಿನಲ್ಲಿ, 2009ರಲ್ಲಿ.

‘ಅಲ್ಲಿ ಎಲ್ಲ ಪುಕ್ಕಟೆ, ಒಂಥರಾ ಕಮ್ಯುನಿಸ್ಟ್ ದೇಶ’

ಪುಕ್ಕಟೆ ಅಲ್ಲ, ಮುಂಗಡವಾಗಿ ಕಟ್ಟಿದ ದುಡ್ಡು. ಸಂಬಳದಲ್ಲಿ ಸರಾಸರಿ ಶೇಕಡಾ 32ರಷ್ಟು ಸ್ಥಳೀಯ ಆಡಳಿತಗಳ ತೆರಿಗೆಗೇ ಹೋಗುತ್ತದೆ, ಹೆಚ್ಚು ದುಡಿದರೆ ಅದರ ಮೇಲೆ ಕೇಂದ್ರದ್ದು. ಅಂಗಡಿಯಲ್ಲಿ ಬಹುತೇಕ ಸಾಮಾನುಗಳ ಮೇಲೆ ಶೇಕಡಾ 25 ವ್ಯಾಟ್. ಅದಕ್ಕೆ ಪ್ರತಿಯಾಗಿ ಶಾಲೆ, ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ, ಆಸ್ಪತ್ರೆ ಸಿಗುತ್ತವೆ. ಆಸ್ಪತ್ರೆಗೂ ಪ್ರತಿ ಭೇಟಿಗೆ ಸಣ್ಣ ಶುಲ್ಕವಿದೆ. ವರ್ಷದ ಮಿತಿ ದಾಟಿದ ಮೇಲೆ ಕೊಡಬೇಕಿಲ್ಲ. ದೊಡ್ಡವರ ಹಲ್ಲಿನ ಖರ್ಚು ಬಹುಪಾಲು ಕೈಯಿಂದಲೇ.

ಜಯನಗರದಲ್ಲಿ ಕೆಮ್ಮು ಬಂದರೆ ಸಂಜೆ ಆರಕ್ಕೆ ಕ್ಲಿನಿಕ್ಕಿಗೆ ಹೋಗಿ ಟೋಕನ್ ತೆಗೆದುಕೊಂಡು ಕೂರುತ್ತೇವೆ. ಅಲ್ಲಿ ಮೊದಲು 1177ಕ್ಕೆ ಫೋನು. ನರ್ಸ್ ಕೇಳಿಸಿಕೊಂಡು, ಬಹಳ ಸಲ ನೀರು ಕುಡಿದು ಮಲಗಿ ಎನ್ನುತ್ತಾರೆ. ತಜ್ಞ ವೈದ್ಯರನ್ನು ಕಾಣಲು ತೊಂಬತ್ತು ದಿನದ ಮಿತಿಯನ್ನು ಕಾನೂನೇ ಹಾಕಿದೆ, ಅದೂ ಕೆಲವೆಡೆ ಮೀರುತ್ತದೆ. ಆಂಟಿಬಯಾಟಿಕ್ ಕೇಳಿದರೆ ಕೊಡುವುದಿಲ್ಲ ಎಂದು ಮಕ್ಕಳು ಫೋನಿನಲ್ಲಿ ಗೋಳಾಡುವುದುಂಟು. ಈ ವಿಷಯದಲ್ಲಿ ನನ್ನ ಮತ ಆ ನರ್ಸ್ ಕಡೆಗೇ.

ಕಾಲೇಜು ಪುಕ್ಕಟೆ ಎಂದು ನಂಬಿ ಅರ್ಜಿ ಹಾಕುವವರು ಗಮನಿಸಬೇಕಾದದ್ದು: 2011ರಿಂದ ಯುರೋಪಿನ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳು ಪದವಿ, ಮಾಸ್ಟರ್ಸ್ ಎರಡಕ್ಕೂ ಶುಲ್ಕ ಕಟ್ಟಬೇಕು. ಪಿಎಚ್‌ಡಿಗೆ ಶುಲ್ಕವಿಲ್ಲ; ಅಲ್ಲಿ ಅದು ಸಾಮಾನ್ಯವಾಗಿ ಸಂಬಳದ ಕೆಲಸ.

ಕಮ್ಯುನಿಸ್ಟ್ ಎನ್ನುವವರಿಗೆ ಆಶ್ಚರ್ಯವಾಗಬಹುದು. ಸ್ವೀಡನ್ನಿನಲ್ಲಿ ಕನಿಷ್ಠ ವೇತನದ ಕಾನೂನೇ ಇಲ್ಲ. ಸಂಘಗಳೂ ಮಾಲೀಕರೂ ಕೂತು ಕೂಲಿ ನಿರ್ಧರಿಸುತ್ತಾರೆ. ಪಿತ್ರಾರ್ಜಿತ ಆಸ್ತಿ ಮೇಲಿನ ತೆರಿಗೆಯನ್ನು 2004ರ ಕೊನೆಗೆ, ಸಂಪತ್ತಿನ ತೆರಿಗೆಯನ್ನು 2007ರಲ್ಲಿ ತೆಗೆದುಹಾಕಿದರು. ನಮಗೆ ನುಂಗಲಾಗದ್ದು ಇನ್ನೊಂದಿದೆ: ಪಕ್ಕದ ಮನೆಯವರು ಎಷ್ಟು ಆದಾಯ ತೋರಿಸಿದ್ದಾರೆಂದು ತೆರಿಗೆ ಇಲಾಖೆಗೆ ಫೋನು ಮಾಡಿ ಯಾರು ಬೇಕಾದರೂ ಕೇಳಬಹುದು. ಸರ್ಕಾರಿ ಕಡತ ಜನರಿಗೆ ತೆರೆದಿರಬೇಕು ಎಂಬ ಕಾನೂನು ಅಲ್ಲಿ 1766ರದು. ನಮ್ಮ ಮಾಹಿತಿ ಹಕ್ಕು ಬಂದದ್ದು 2005ರಲ್ಲಿ.

‘ಮಗುವನ್ನು ಕಿತ್ತುಕೊಳ್ತಾರೆ, ಅಜ್ಜಿಗೆ ಸಂಬಳ ಕೊಡ್ತಾರೆ’

ಎಲ್ಲರ ಬಾಯಲ್ಲಿರುವ ಪ್ರಕರಣ, 2023ರಲ್ಲಿ ಹಿಂದಿ ಸಿನಿಮಾ ಕೂಡ ಆದದ್ದು, ನಾರ್ವೆಯದು. ಸ್ವೀಡನ್ನಿನ ವಿಷಯ ಹೀಗಿದೆ: ಮಕ್ಕಳನ್ನು ಹೊಡೆಯುವುದನ್ನು ಜಗತ್ತಿನಲ್ಲೇ ಮೊದಲು, 1979ರಲ್ಲಿ, ಕಾನೂನಿನಿಂದ ನಿಷೇಧಿಸಿದ ದೇಶ ಅದು. ಮಗುವಿಗೆ ಮನೆಯಲ್ಲಿ ತೊಂದರೆ ಇದೆಯೆಂದು ಅನುಮಾನ ಬಂದರೆ ಶಿಕ್ಷಕರು ವರದಿ ಮಾಡಲೇಬೇಕು. ಅಲ್ಲಿಂದ ಶುರುವಾಗುವುದು ವಿಚಾರಣೆ, ಮಾತುಕತೆ, ನೆರವು. ತಂದೆತಾಯಿಯ ಒಪ್ಪಿಗೆಯಿಲ್ಲದೆ ಮಗುವನ್ನು ಬೇರೆಡೆ ಇಡಬೇಕಾದರೆ ಆಡಳಿತ ನ್ಯಾಯಾಲಯದ ತೀರ್ಪು ಬೇಕು. ತುರ್ತಿನಲ್ಲಿ ಮೊದಲೇ ಕರೆದೊಯ್ದರೂ ವಿಷಯ ನ್ಯಾಯಾಲಯದ ಮುಂದೆ ಬರಲೇಬೇಕು. ಆದ್ದರಿಂದ ‘ಒಂದೇಟಿಗೆ ಮಗು ಹೋಯ್ತು’ ಎಂಬುದು ಅತಿ. ‘ನಮ್ಮ ಮಗು, ಹೊಡೀತೀವಿ, ಯಾರು ಕೇಳೋದು’ ಎಂಬುದೂ ಅಲ್ಲಿ ನಡೆಯುವುದಿಲ್ಲ.

ಅಜ್ಜಿಯ ಸಂಬಳದ ಸುದ್ದಿ 2024ರ ಜುಲೈಯಲ್ಲಿ ವಾಟ್ಸಾಪಿನಲ್ಲಿ ಹರಿದಾಡಿ, ಬಾಣಂತನಕ್ಕೆ ಹೊರಟಿದ್ದ ಎಷ್ಟೋ ತಾಯಂದಿರಿಗೆ ಆಸೆ ಹುಟ್ಟಿಸಿತು. ಮೂಲ ವಿಷಯ ನಿಜ. ಮಗುವಿನ ಆರೈಕೆಗೆ ತಂದೆತಾಯಿಗೆ ಒಟ್ಟು 480 ದಿನ ಭತ್ಯೆಸಹಿತ ರಜೆ. ತಲಾ ತೊಂಬತ್ತು ದಿನ ಒಬ್ಬರಿಂದೊಬ್ಬರಿಗೆ ವರ್ಗಾಯಿಸುವಂತಿಲ್ಲ. ಅಪ್ಪಂದಿರು ಕೆಲಸ ಬಿಟ್ಟು ಮಗುವಿನ ಗಾಡಿ ತಳ್ಳುವುದು ಇದರಿಂದಲೇ, ಅದು 1974ರಿಂದ ಕಾನೂನು ಕೊಟ್ಟ ಹಕ್ಕು, ಹುಟ್ಟುಗುಣವಲ್ಲ. ಹೊಸ ನಿಯಮದ ಪ್ರಕಾರ ಒಬ್ಬೊಬ್ಬರು 45 ದಿನದವರೆಗೆ ಅಜ್ಜ, ಅಜ್ಜಿ ಅಥವಾ ಬೇರೆಯವರಿಗೆ ಬಿಟ್ಟುಕೊಡಬಹುದು. ಆದರೆ ಪಡೆಯುವವರು ಸ್ವೀಡನ್ನಿನ ಸಾಮಾಜಿಕ ವಿಮೆಯಲ್ಲಿ ಸೇರಿರಬೇಕು. ಷೆಂಗೆನ್ ವೀಸಾದಲ್ಲಿ ತೊಂಬತ್ತು ದಿನಕ್ಕೆ ಹೋಗಿ ಮೆಂತ್ಯದ ಲಾಡು ಕಟ್ಟಿಕೊಡುವ ಬನಶಂಕರಿಯ ಅಜ್ಜಿಗೆ ಅದರಲ್ಲಿ ಅಲ್ಲಿನ ನಾಣ್ಯ ಕ್ರೋನ ಒಂದೂ ಸಿಗುವುದಿಲ್ಲ.

‘ಇಂಗ್ಲಿಷ್ ಇದ್ದರೆ ಸಾಕು’

ಐಟಿ ಕಚೇರಿಯಲ್ಲಿ ಸಾಕು. ಶಾಲೆಯ ಸಭೆ, ಅಪಾರ್ಟ್‌ಮೆಂಟಿನ ನೋಟಿಸು, ಕೆಲಸ ಹೋದಾಗ ಮುಂದಿನ ಕೆಲಸ, ಇವಕ್ಕೆಲ್ಲ ಸ್ವೀಡಿಷ್ ಬೇಕು. ಬಹುತೇಕರು ಅದನ್ನೇ ಆಡುವ ದೇಶವಾದರೂ ಸ್ವೀಡಿಷ್ ಅನ್ನು ಕಾನೂನಿನಲ್ಲಿ ಪ್ರಧಾನ ಭಾಷೆ ಎಂದು ಬರೆದದ್ದು 2009ರಲ್ಲಿ. ನಮ್ಮ ಆಡಳಿತ ಭಾಷಾ ಅಧಿನಿಯಮ 1963ರದು. ಜತೆಗೆ ಬೇರೆ ಭಾಷೆಯ ಮಕ್ಕಳಿಗೆ ಒಂದು ಅನುಕೂಲವಿದೆ. ಒಂದು ಪುರಸಭೆಯ ವ್ಯಾಪ್ತಿಯಲ್ಲಿ ಒಂದೇ ಮಾತೃಭಾಷೆಯ ಐದು ಮಕ್ಕಳು ಕೇಳಿ, ಕಲಿಸಲು ತಕ್ಕ ಶಿಕ್ಷಕರೂ ಸಿಕ್ಕರೆ, ಸರ್ಕಾರದ ಖರ್ಚಿನಲ್ಲೇ ಆ ಭಾಷೆಯ ಪಾಠ ನಡೆಸಬೇಕು. ಕನ್ನಡಕ್ಕೂ ಇದೇ ನಿಯಮ. ಇನ್ನೊಂದು ಷರತ್ತು: ಮನೆಯಲ್ಲಿ ದಿನವೂ ಮಗುವಿನೊಡನೆ ಆ ಭಾಷೆಯಲ್ಲಿ ಮಾತಾಡುತ್ತಿರಬೇಕು. ಅರ್ಜಿಗೆ ಸಹಿ ಹಾಕುವ ಮೊದಲು ಕೆಲವು ಅಪ್ಪ ಅಮ್ಮಂದಿರು ಪೆನ್ನು ಹಿಡಿದು ಯೋಚಿಸಬೇಕಾಗುತ್ತದೆ.

‘ಕೈಯಲ್ಲಿ ಒಂದಿಷ್ಟು ಕ್ಯಾಶ್ ಇರಲಿ’

ಹೊರಡುವ ಮುಂಚೆ ದೊಡ್ಡವರು ಹೇಳುವ ಬುದ್ಧಿಮಾತು, ಸ್ವೀಡನ್ನಿಗೆ ಅಷ್ಟು ಹೊಂದುವುದಿಲ್ಲ. ಯುರೋಪಿನಲ್ಲಿ ಮೊದಲು ನೋಟು ಅಚ್ಚುಹಾಕಿದ್ದು ಸ್ಟಾಕ್‌ಹೋಮಿನ ಬ್ಯಾಂಕು, 1661ರಲ್ಲಿ. ಇಂದು ಅದೇ ಊರಿನ ಎಷ್ಟೋ ಅಂಗಡಿ, ಕಾಫಿ ಹೋಟೆಲುಗಳಲ್ಲಿ ನೋಟು ಮುಟ್ಟುವುದಿಲ್ಲ, ಬಸ್ಸಿನಲ್ಲೂ ಅಷ್ಟೆ. ಅವರ ಮೊಬೈಲ್ ಪಾವತಿ ‘ಸ್ವಿಷ್’ 2012ರದು, ನಮ್ಮ ಯುಪಿಐಗಿಂತ ನಾಲ್ಕು ವರ್ಷ ಹಿರಿಯದು. ಆದರೆ ಸ್ವೀಡನ್ನಿನ ಬ್ಯಾಂಕ್ ಖಾತೆ ಇಲ್ಲದವರಿಗೆ ಅದು ಸಿಗದು, ಹಾಗಾಗಿ ನೆಂಟರ ಮನೆಗೆ ಹೋಗುವವರಿಗೆ ಕಾರ್ಡೇ ಗತಿ. ಹಾಗಿದ್ದೂ 2024ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರ ಮನೆಮನೆಗೆ ಕಳಿಸಿದ ಪುಸ್ತಿಕೆಯಲ್ಲಿ, ಯುದ್ಧವೋ ಆಪತ್ತೋ ಬಂದರೆ ಬೇಕಾಗುತ್ತದೆ, ನೀರು, ಒಣ ಆಹಾರ, ಬ್ಯಾಟರಿ ರೇಡಿಯೋ ಜತೆಗೆ ಒಂದಿಷ್ಟು ನಗದೂ ಮನೆಯಲ್ಲಿರಲಿ ಎಂದು ಬರೆದಿದೆ.